ಮುಚ್ಚಿದ ಕಮಾನನ್ನು ಮಕ್ಕಳೇ ಓದಲಿ

ಇಂಗ್ಲೆಂಡಿನ ಮಧ್ಯಯುಗದ ಚರ್ಚುಗಳ ಬಗ್ಗೆ ನಮ್ಮ ಪ್ರಶಿಕ್ಷಣಾರ್ಥಿಗಳು ಕೊಡುವ ಪಾಠ ಬಹುಮಟ್ಟಿಗೆ ಒಂದೇ ಅಚ್ಚಿನದು. ದುಂಡು ಕಮಾನು ನಾರ್ಮನ್, ಚೂಪು ಕಮಾನು ಗೋಥಿಕ್. ಚಾರ್ಟ್ ತೂಗುಹಾಕಿ, ಎರಡು ಸಲ ಹೇಳಿಸಿ, ಮೌಲ್ಯಮಾಪನಕ್ಕೆ ಇಳಿದುಬಿಡುತ್ತಾರೆ. ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣ ಉತ್ತಮ’ ಎಂದು ಬರೆದು ಸಹಿ ಹಾಕುವವರು ನಾವೇ. ಹಾಗಾಗಿ ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದು.

ಮೊದಲು ಗೋಡೆ ತೋರಿಸಿ, ಶೈಲಿಯ ಹೆಸರು ಆಮೇಲೆ ಬರಲಿ ಎನ್ನುತ್ತೇನೆ ನಾನು. ಯಾರ್ಕ್‌ಷೈರಿನ ವಾರಮ್ ಪರ್ಸಿ ಎಂಬ ಹಾಳೂರಿನ ಸೇಂಟ್ ಮಾರ್ಟಿನ್ ಚರ್ಚನ್ನೇ ತೆಗೆದುಕೊಳ್ಳಿ. ಈಗ ಅದಕ್ಕೆ ಸೂರಿಲ್ಲ. 1959ರಲ್ಲಿ ಗೋಪುರದ ಒಂದು ಭಾಗವೂ ಕುಸಿಯಿತು. ಮೊರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅವರ ಮುಂದಾಳತ್ವದಲ್ಲಿ ಆ ಊರಿನಲ್ಲಿ 1990ರವರೆಗೆ, ಸುಮಾರು 40 ಬೇಸಿಗೆ, ಉತ್ಖನನ ನಡೆಯಿತು. ಚರ್ಚಿನ ನೆಲದಡಿ ಅದಕ್ಕಿಂತ ಹಳೆಯ ಕಟ್ಟಡಗಳ ಕುರುಹು ಸಿಕ್ಕಿತು. ಮೊದಲು ಮರದ್ದು, ಆಮೇಲೆ ಕಲ್ಲಿನ ಚಿಕ್ಕದು, ನಾರ್ಮನ್ನರ ಕಾಲದಲ್ಲಿ ದೊಡ್ಡದು. ಬಳಿಕ ಎರಡೂ ಬದಿಯ ಗೋಡೆ ಒಡೆದು, ಕಮಾನುಗಳನ್ನಿಟ್ಟು, ಪಕ್ಕದ ಪಡಸಾಲೆಗಳನ್ನು ಸೇರಿಸಿದರು. ಮುಂದೊಂದು ಕಾಲಕ್ಕೆ ಆ ಪಡಸಾಲೆಗಳನ್ನು ಕೆಡವಿ ಕಮಾನುಗಳಿಗೆ ಕಲ್ಲು ತುಂಬಿದರು. ಆ ಮುಚ್ಚಿದ ಕಮಾನುಗಳು ಇಂದಿಗೂ ಗೋಡೆಯಲ್ಲಿ ಎದ್ದು ಕಾಣುತ್ತವೆ.

ಅದರ ಚಿತ್ರವೊಂದನ್ನು ತರಗತಿಯಲ್ಲಿಟ್ಟು ‘ಇಲ್ಲಿ ಏನಾಗಿರಬಹುದು?’ ಎಂದು ಕೇಳಿ, ಸುಮ್ಮನಿರಿ. ಈ ಸುಮ್ಮನಿರುವುದೇ ಪ್ರಶಿಕ್ಷಣಾರ್ಥಿಗೆ ಕಷ್ಟ. ಗಡಿಯಾರ ನೋಡುತ್ತ ಉತ್ತರ ತಾನೇ ಹೇಳಿಬಿಡುತ್ತಾರೆ. ‘ಜನ ಹೆಚ್ಚಾದಾಗ ಕಟ್ಟಿದರು, ಕಡಿಮೆಯಾದಾಗ ಮುಚ್ಚಿದರು’ ಎಂದು ಯಾವುದಾದರೂ ಮಗು ಹೇಳೀತು. ಅಲ್ಲಿಗೆ ಪಾಠ ಮುಗಿಯಬಾರದು. ‘ಹೌದು, ಪ್ಲೇಗಿನಿಂದ ಊರು ಹಾಳಾಯಿತು’ ಎಂದು ಶಿಕ್ಷಕರು ಸೇರಿಸುವ ಅಪಾಯವಿದೆ. ಮಹಾಮಾರಿ ಇಂಗ್ಲೆಂಡಿಗೆ ಬಂದದ್ದು 1348ರಲ್ಲಿ. ವಾರಮ್ ಪರ್ಸಿ ಬರಿದಾದದ್ದು ಸುಮಾರು 1500ರ ಹೊತ್ತಿಗೆ, ಹೊಲಗಳು ಕುರಿಗಳ ಹುಲ್ಲುಗಾವಲಾದಾಗ. ನಡುವಿನ ನೂರೈವತ್ತು ವರ್ಷ ಎಲ್ಲಿ ಹೋಯಿತು?

ಇನ್ನೂ ಒಂದು ತೊಡಕಿದೆ. ಊರು ಹೋದರೂ ಚರ್ಚು ಹೋಗಲಿಲ್ಲ. ಅದು ಒಂದೇ ಊರಿನದಲ್ಲ, ಸುತ್ತಲಿನ ಹಳ್ಳಿಗಳೂ ಸೇರಿದ ಪ್ಯಾರಿಷ್‌ನದು. ಥಿಕ್ಸೆಂಡೇಲ್‌ನವರು ತಮ್ಮೂರಿನಲ್ಲೇ ಚರ್ಚು ಆಗುವವರೆಗೆ, ಅಂದರೆ 1870ರವರೆಗೆ, ಇಲ್ಲಿಗೇ ಬರಬೇಕಿತ್ತು. ‘ಪ್ಯಾರಿಷ್’ ಪದದ ಅರ್ಥವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಬದಲು ಈ ಸಂಗತಿಯನ್ನು ಮುಂದಿಟ್ಟರೆ ಮಕ್ಕಳೇ ಹೇಳುತ್ತಾರೆ.

ಒಂದು ಅವಧಿಯಲ್ಲಿ ಇಷ್ಟೆಲ್ಲ ಆಗುವುದಿಲ್ಲ ಎಂಬ ಆಕ್ಷೇಪಣೆ ನ್ಯಾಯವೇ. ಹಾಗಾದರೆ ಚಾರ್ಟಿನಲ್ಲಿರುವ ಶೈಲಿಗಳಲ್ಲಿ ಒಂದೆರಡನ್ನು ಬಿಡಿ. ಮುಂದಿನ ವೀಕ್ಷಣೆಯಲ್ಲಿ ನಾನಂತೂ ಅದಕ್ಕೆ ಅಂಕ ಕಳೆಯುವುದಿಲ್ಲ.