ಕಣ್ಣು ಕೆಂಪಾಗಲಿಲ್ಲವೆಂದು...

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಕಾಫಿ ಕುಡಿಯುತ್ತ ಮಾತನಾಡುತ್ತಿದ್ದಾಗ ಬಸ್ಸಿನ ಹೊತ್ತಾಯಿತೇನೋ ಎಂದು ಗೋಡೆಯ ಗಡಿಯಾರದತ್ತ ನೋಡಿದ. ಹಾಗೆ ನೋಡುವಾಗ ಅವನು ಕಣ್ಣನ್ನು ಮೇಲೆತ್ತಲಿಲ್ಲ, ಗದ್ದವನ್ನೇ ಮೇಲೆತ್ತಿದ. ಅವನ ಪಾಲಿಗೆ ಅದೊಂದು ರೂಢಿ. ನನ್ನ ಪಾಲಿಗೆ ಅದು ಇಪ್ಪತ್ತು ವರ್ಷಗಳಿಗೂ ಮೀರಿ ತೀರದೆ ಉಳಿದಿರುವ ಋಣ. ಅದನ್ನು ಇಲ್ಲಿ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಅದು 2003ನೆಯ ಇಸವಿ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆಂದು ನಮ್ಮ ಪ್ರೌಢಶಾಲೆಯ ಹುಡುಗರು ಕಬಡ್ಡಿ ಅಭ್ಯಾಸ ಮಾಡುತ್ತಿದ್ದರು. ಎಂಟನೆಯ ತರಗತಿಯ ಈ ಹುಡುಗನ ಬಲಗಣ್ಣಿನ ಮೇಲೆ ಮತ್ತೊಬ್ಬನ ಮೊಣಕೈ ಬಲವಾಗಿ ಬಡಿಯಿತು. ಓಡಿಹೋಗಿ ನೋಡಿದೆ. ರಕ್ತವಿಲ್ಲ, ಕಣ್ಣು ಕೆಂಪಾಗಿಲ್ಲ, ರೆಪ್ಪೆಯೂ ಅಷ್ಟಾಗಿ ಊದಿಲ್ಲ. ತಣ್ಣೀರಿನಲ್ಲಿ ಮುಖ ತೊಳೆಸಿ ಮರದ ನೆರಳಿನಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡ. ಬಿಸಿಲಿಗೆ ಪಿತ್ತ ಕೆರಳಿದೆ ಎಂದರು ಸಹೋದ್ಯೋಗಿಯೊಬ್ಬರು, ನಾನೂ ಹೌದೆಂದೆ. ಸಂಜೆ ತಂದೆ ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯೂ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ತಲೆಗೆ ಪೆಟ್ಟಾಗಿರಬಹುದೆಂದು ಒಂದು ರಾತ್ರಿ ಇರಿಸಿಕೊಂಡು, ವಾಂತಿಗೆ ಮಾತ್ರೆಯನ್ನೂ ಕಣ್ಣಿಗೆ ಹನಿಯನ್ನೂ ಕೊಟ್ಟು ಕಳುಹಿಸಿದರು.

ಮೂರನೆಯ ದಿನ ಅವನು ತರಗತಿಗೆ ಬಂದ. ಕಪ್ಪುಹಲಗೆಯ ಮೇಲೆ ನಾನು ಬರೆದದ್ದನ್ನು ಗದ್ದ ಎತ್ತಿಕೊಂಡು ನೋಡುತ್ತಿದ್ದ. "ಏನೋ ಅದು, ಸಾಹುಕಾರನ ಹಾಗೆ ಗದ್ದ ಎತ್ತಿಕೊಂಡು ಕೂತಿದ್ದೀಯ? ನೆಟ್ಟಗೆ ಕೂತುಕೋ" ಎಂದು ಗದರಿಸಿದೆ. ಮಕ್ಕಳೆಲ್ಲ ನಕ್ಕರು. ಅವನು ಗದ್ದ ಇಳಿಸಿದ, ಬರೆಯುವುದನ್ನೂ ನಿಲ್ಲಿಸಿದ. ವಾರ ಕಳೆದ ಮೇಲೆ ಅವನ ತಾಯಿ ಶಾಲೆಗೆ ಬಂದು, "ಸಾರ್, ಮೇಲಕ್ಕೆ ನೋಡಿದರೆ ಒಂದು ಎರಡಾಗಿ ಕಾಣುತ್ತದಂತೆ" ಎಂದಾಗ ನನಗೆ ಎಚ್ಚರವಾಯಿತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕಣ್ಣು ಉಳಿಯಿತು, ದೃಷ್ಟಿ ಉಳಿಯಿತು. ಆದರೆ ಆ ಕಣ್ಣನ್ನು ಮೇಲಕ್ಕೆ ಹೊರಳಿಸುವ ಶಕ್ತಿ ಪೂರ್ತಿಯಾಗಿ ಮರಳಲಿಲ್ಲ. ಪೆಟ್ಟಾದ ಒಂದೆರಡು ದಿನಗಳಲ್ಲೇ ಬಂದಿದ್ದರೆ ಚೆನ್ನಾಗಿತ್ತು ಎಂದಷ್ಟೇ ಅಲ್ಲಿನ ವೈದ್ಯರು ಹೇಳಿದರಂತೆ.

ಆಗಿದ್ದೇನೆಂಬುದನ್ನು ನಾನು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ನಮ್ಮ ಕಣ್ಣುಗುಡ್ಡೆ ಏಳು ಮೂಳೆಗಳು ಕೂಡಿ ಆದ ಒಂದು ಗೂಡಿನೊಳಗೆ ಕೊಬ್ಬಿನ ಮೆತ್ತೆಯ ಮೇಲೆ ಕುಳಿತಿದೆ. ಈ ಕಣ್ಣುಗುಳಿಯ ಅಂಚು ಗಟ್ಟಿ. ಆದರೆ ಅದರ ನೆಲ ಮತ್ತು ಮೂಗಿನ ಕಡೆಯ ಗೋಡೆ ಮೊಟ್ಟೆಯ ಚಿಪ್ಪಿನಷ್ಟು ತೆಳು. ನೆಲದ ಕೆಳಗೆ ಸೈನಸ್ ಎಂಬ ಗಾಳಿಗೂಡಿದೆ. ಮುಂದಿನಿಂದ ಜೋರಾದ ಪೆಟ್ಟು ಬಿದ್ದಾಗ ಈ ತೆಳು ನೆಲ ಬಿರಿಯುತ್ತದೆ. ದೊಡ್ಡವರ ಮೂಳೆ ಒಣಕಡ್ಡಿಯಂತೆ ಮುರಿದು ಚೂರಾಗುತ್ತದೆ. ಮಕ್ಕಳ ಮೂಳೆ ಹಸಿಕಡ್ಡಿಯಂತೆ. ಅದು ಬಾಗಿ, ಸೀಳಿ, ಕ್ಷಣದಲ್ಲಿ ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ. ಹಾಗೆ ಮರಳುವಾಗ ಕಣ್ಣಿನ ಕೆಳಭಾಗದ ಸ್ನಾಯುವನ್ನು ಇಲಿಬೋನಿನ ಬಾಗಿಲಿನ ಹಾಗೆ ಕಚ್ಚಿ ಹಿಡಿಯುತ್ತದೆ. ಸ್ನಾಯು ಸಿಕ್ಕಿಕೊಂಡ ಕಣ್ಣು ಮೇಲಕ್ಕೆ ಹೊರಳದು. ಸಿಕ್ಕಿಬಿದ್ದ ಸ್ನಾಯುವಿಗೆ ರಕ್ತ ಹರಿಯದೆ ಅದು ಸಾಯತೊಡಗುತ್ತದೆ. ಆದ್ದರಿಂದಲೇ 24ರಿಂದ 48 ಗಂಟೆಗಳೊಳಗೆ ಅದನ್ನು ಬಿಡಿಸಬೇಕೆನ್ನುತ್ತಾರೆ ತಜ್ಞರು.

ವಾಂತಿಗೂ ಪಿತ್ತಕ್ಕೂ ಸಂಬಂಧವೇ ಇರಲಿಲ್ಲ. ಕಣ್ಣಿನ ಸ್ನಾಯುವನ್ನು ಜಗ್ಗಿದರೆ ನರಗಳ ಮೂಲಕ ಹೊಟ್ಟೆ ತೊಳಸುತ್ತದೆ, ನಾಡಿಯ ಬಡಿತವೂ ನಿಧಾನವಾಗುತ್ತದೆ. ಗದ್ದ ಎತ್ತಿದ್ದು ಸೊಕ್ಕಿನಿಂದಲ್ಲ. ಮೇಲೇಳದ ಕಣ್ಣಿನಿಂದ ಹಲಗೆಯ ಅಕ್ಷರವನ್ನು ಒಂದಾಗಿ ಕಾಣಲು ಆ ಹುಡುಗ ತಾನೇ ಕಂಡುಕೊಂಡ ದಾರಿ ಅದು. ರೋಗದ ಲಕ್ಷಣವನ್ನು ನಾನು ಶಿಸ್ತಿನ ಕೊರತೆ ಎಂದುಕೊಂಡೆ.

ಈ ತಿಳಿವಳಿಕೆ ಆಗ ಜಗತ್ತಿನಲ್ಲಿ ಇರಲಿಲ್ಲವೇ? ಇತ್ತು. ಕಣ್ಣುಗುಳಿಯ ನೆಲ ಒಡೆಯುವ ಈ ಬಗೆಗೆ 'ಬ್ಲೋ ಔಟ್' ಎಂಬ ಹೆಸರನ್ನು ಸ್ಮಿತ್ ಮತ್ತು ರೀಗನ್ ಎಂಬ ವೈದ್ಯರು 1957ರಲ್ಲೇ ಬಳಸಿದ್ದರು. ಹೊರಗೆ ಕಣ್ಣು ಬೆಳ್ಳಗಿದ್ದರೂ ಒಳಗೆ ಸ್ನಾಯು ಸಿಕ್ಕಿಕೊಂಡಿರುವ ಮಕ್ಕಳ ಬಗ್ಗೆ ಡೇವಿಡ್ ಜೋರ್ಡನ್ ಮತ್ತು ಸಂಗಡಿಗರು 1998ರಲ್ಲಿ ಬರೆದು, ಅದನ್ನು 'ಬಿಳಿಗಣ್ಣಿನ' ಮುರಿತವೆಂದು ಕರೆದು, ತಡಮಾಡಬಾರದೆಂದು ಎಚ್ಚರಿಸಿದ್ದರು. ಜ್ಞಾನವಿತ್ತು, ಅದು ನಮ್ಮ ಶಾಲೆಯ ಮೈದಾನದವರೆಗೆ ಬಂದಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತೇವೆ. ಇದು ಅಂಗೈ ಹುಣ್ಣಲ್ಲ, ಇದಕ್ಕೆ ಕನ್ನಡಿ ಬೇಕೇ ಬೇಕು.

ಆ ಕನ್ನಡಿ ದುಬಾರಿಯದೇನೂ ಅಲ್ಲ. ಮುಖಕ್ಕೆ ಪೆಟ್ಟಾದ ಮಗುವಿನ ತಲೆಯನ್ನು ಅಲುಗಿಸದೆ ಹಿಡಿದು, ನಮ್ಮ ಬೆರಳನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸರಿಸುತ್ತ ಕಣ್ಣಿನಿಂದ ಹಿಂಬಾಲಿಸಲು ಹೇಳಬೇಕು. ಎರಡೂ ಕಣ್ಣುಗಳು ಜೊತೆಯಾಗಿ ಚಲಿಸುತ್ತವೆಯೇ? ಬೆರಳು ಎರಡಾಗಿ ಕಾಣುತ್ತದೆಯೇ? ನೋಡುವಾಗ ನೋವೋ ವಾಕರಿಕೆಯೋ ಆಗುತ್ತದೆಯೇ? ಒಂದೊಂದೇ ಕಣ್ಣು ಮುಚ್ಚಿಸಿ ಬೆರಳೆಣಿಸಲು ಬರುತ್ತದೆಯೇ? ಕೆನ್ನೆ, ಮೇಲ್ದುಟಿ, ಮೇಲಿನ ಒಸಡು ಜೋಮು ಹಿಡಿದಿವೆಯೇ? ಇವುಗಳಲ್ಲಿ ಒಂದು ತಪ್ಪಿದರೂ ಅದೇ ದಿನ ಕಣ್ಣಿನ ತಜ್ಞರಲ್ಲಿಗೆ ಒಯ್ಯಬೇಕು. ಮೂಗು ಸೀನಿ ತೆಗೆಯಲು ಬಿಡಬಾರದು. ಬಿರಿದ ಮೂಳೆಯ ಮೂಲಕ ಗಾಳಿ ಕಣ್ಣುಗುಳಿಗೆ ನುಗ್ಗೀತು. ಬಟ್ಟೆಯುಂಡೆಗೆ ಬಿಸಿಯುಸಿರು ಊದಿ ಒತ್ತುವ, ನಂದಿಬಟ್ಟಲ ಹೂವಿನ ರಸ ಹಿಂಡುವ ನಮ್ಮ ಮನೆಮದ್ದುಗಳೂ ಇಲ್ಲಿ ಸಲ್ಲವು.

ಪೆಟ್ಟಷ್ಟೇ ಅಲ್ಲ, ರೋಗಗಳಲ್ಲಿಯೂ ಇದೇ ಮಾತು. ನೆಗಡಿ ಕಟ್ಟಿದ ಮಗುವಿಗೆ ಜ್ವರ ಬಂದು ರೆಪ್ಪೆ ಊದಿಕೊಂಡರೆ ಕಣ್ಣುಕುಟಿಗೆ ಎಂದು ಸುಮ್ಮನಾಗುತ್ತೇವೆ. ಸೈನಸ್ಸಿನ ಸೋಂಕು ಆ ತೆಳುಗೋಡೆಯನ್ನು ದಾಟಿ ಕಣ್ಣುಗುಳಿಯೊಳಗೆ ಕೀವಾಗುತ್ತಿರಬಹುದು. ಗುಡ್ಡೆ ಮುಂದಕ್ಕೆ ತಳ್ಳಿಕೊಂಡಿದ್ದರೆ, ಹೊರಳಿಸಲು ನೋವಾದರೆ, ದೃಷ್ಟಿ ಮಂಜಾದರೆ ಅದು ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಔಷಧ ಕೊಡಬೇಕಾದ ತುರ್ತು. ತಡವಾದರೆ ದೃಷ್ಟಿ ಹೋಗುತ್ತದೆ, ಮಿದುಳಿಗೂ ಹಬ್ಬುತ್ತದೆ. 2021ರಲ್ಲಿ ಕೋವಿಡ್ಡಿನ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರವನ್ನು ಯಾರು ಮರೆತಾರು? ಮೂಗಿನಿಂದ ಕಣ್ಣುಗುಳಿಗೆ, ಅಲ್ಲಿಂದ ಮಿದುಳಿಗೆ ಅದರ ಪಯಣ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರೂ ಸ್ಟೀರಾಯ್ಡ್ ಪಡೆದವರೂ ಹೆಚ್ಚಾಗಿ ತುತ್ತಾದರು. ಪ್ರಾಣ ಉಳಿಸಲು ಕಣ್ಣನ್ನೇ ತೆಗೆಸಿಕೊಂಡವರಿದ್ದಾರೆ. ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ಎಚ್ಚರ ಈಗ ಎಲ್ಲಿ ಹೋಯಿತು?

ಶಿಕ್ಷಕರ ಮೇಲೆ ಇನ್ನೊಂದು ಹೊರೆಯೇ ಎಂದು ನನ್ನ ವೃತ್ತಿಬಾಂಧವರು ಕೇಳಬಹುದು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಇವೆಲ್ಲವನ್ನೂ ಹೊತ್ತವನೇ ನಾನು. ಹೊಸ ರಿಜಿಸ್ಟರನ್ನು ಕೇಳುತ್ತಿಲ್ಲ. ವರ್ಷಕ್ಕೆ ಅರ್ಧ ದಿನ, ಒಬ್ಬ ಕಣ್ಣಿನ ವೈದ್ಯರಿಂದ ಒಂದು ಪಾಠ; ಅದು ಬಿ.ಎಡ್. ತರಬೇತಿಯಲ್ಲೂ ಇರಲಿ. ಹಾಗಾದರೆ ಪೆಟ್ಟಾದ ಪ್ರತಿ ಮಗುವಿಗೂ ಸಿ.ಟಿ. ಸ್ಕ್ಯಾನ್ ಮಾಡಿಸಬೇಕೇ ಎಂದರೆ, ಬೇಡ. ಅದಕ್ಕೆ ಹಣವೂ ಬೇಕು, ವಿಕಿರಣವೂ ಇದೆ. ಅಲ್ಲದೆ ಮಕ್ಕಳ ಈ ಮುರಿತದಲ್ಲಿ ಮೂಳೆ ಮತ್ತೆ ಕೂಡಿಕೊಂಡಿರುವುದರಿಂದ ಸ್ಕ್ಯಾನಿನಲ್ಲೂ ಬಿರುಕು ಕಣ್ಣಿಗೆ ಬೀಳದೆ ಹೋಗಬಹುದು. ಯಂತ್ರಕ್ಕಿಂತ ಮೊದಲು ಬೆರಳು ಬೇಕು. ಆ ಬೆರಳು ಮೈದಾನದ ಮೇಷ್ಟರದೂ ಆಗಿರಬೇಕು, ರಾತ್ರಿ ಪಾಳಿಯ ವೈದ್ಯರದೂ ಆಗಿರಬೇಕು.

ಹಳ್ಳಿಗೆ ಇಂಥದು ತಲುಪದು ಎನ್ನುವವರಿಗೆ ಡಾ. ಎಂ. ಸಿ. ಮೋದಿಯವರನ್ನು ನೆನಪಿಸುತ್ತೇನೆ. ಊರೂರಿನಲ್ಲಿ ಶಿಬಿರ ನಡೆಸಿ ಆ ಮಹನೀಯರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮನೆಮಾತಾಗಿಸಿದರು. ಅಕ್ಷರ ಬಾರದ ಅಜ್ಜಿಯರೂ ಪೊರೆಯೆಂದರೇನೆಂದು ಬಲ್ಲರು. ಕಣ್ಣಿನ ಗೂಡಿನ ಬಗೆಗೂ ಅಷ್ಟು ತಿಳಿವಳಿಕೆ ಬರಬಾರದೇಕೆ?

ಹೊರಡುವಾಗ ಅವನಿಗೆ ಆ ದಿನದ ಮಾತು ನೆನಪಿದೆಯೇ ಎಂದು ಕೇಳಿದೆ. "ಅಯ್ಯೋ ಬಿಡಿ ಸಾರ್, ಯಾವ ಕಾಲದ್ದೋ" ಎಂದು ಕಾಲಿಗೆ ನಮಸ್ಕರಿಸಿದ. ಎದ್ದು ನಿಂತವನ ಮುಖವನ್ನು ನೋಡಿದೆ; ನಾನು ಜಗುಲಿಯ ಮೆಟ್ಟಿಲ ಮೇಲಿದ್ದೆ, ಅವನು ಅಂಗಳದಲ್ಲಿದ್ದ. ನನ್ನನ್ನು ನೋಡಲು ಅವನು ಗದ್ದ ಎತ್ತಿದ. ನಾನು ಎರಡು ಮೆಟ್ಟಿಲು ಇಳಿದು ಅಂಗಳಕ್ಕೆ ಹೋಗಿ ಅವನೆದುರು ನಿಂತೆ.