ಗಣಿತದ ಹುಚ್ಚಿಗೆ ಮೀಡಿಯಂ ಯಾವುದು?

ನಮ್ಮಲ್ಲಿ ಗಣಿತದ ಹುಚ್ಚು ಹಿಡಿದವರು ಕಡಿಮೆಯೇನಿಲ್ಲ. ಒಬ್ಬ ಅಡಿಕೆ ತೋಟದ ಮನೆಯಿಂದ ಬಂದವನು. ಇನ್ನೊಬ್ಬಳ ಅಪ್ಪ ಬಸ್ ಕಂಡಕ್ಟರ್. ಬಾಯಿಲೆಕ್ಕ ಅವಳಿಗೆ ಮನೆಯಲ್ಲೇ ಬಂದ ವಿದ್ಯೆ. ರಾತ್ರಿ ಹಾಸ್ಟೆಲ್‌ನಲ್ಲಿ ಕಾಪ್ರೇಕರ್ ಆಟ ಶುರು: 3524ರ ಅಂಕಿಗಳನ್ನು ಇಳಿಕೆ ಕ್ರಮದಲ್ಲೊಮ್ಮೆ, ಏರಿಕೆಯಲ್ಲೊಮ್ಮೆ ಬರೆದು ಕಳೆದರೆ 3087, ಹಾಗೇ ಮಾಡುತ್ತಾ ಹೋದರೆ 8352, ಆಮೇಲೆ 6174. ಮುಂದೆಷ್ಟು ಕಳೆದರೂ ಅದೇ! ಇದನ್ನು ಕಂಡುಹಿಡಿದವರು ನಾಸಿಕ್ ಬಳಿಯ ದೇವಳಾಲಿಯ ಒಬ್ಬ ಶಾಲಾ ಮೇಷ್ಟ್ರು.

ಹಾಸ್ಟೆಲ್‌ನಲ್ಲಿ ಇಷ್ಟು ಜೋರಾಗಿ ವಾದಿಸುವವರೇ ಕ್ಲಾಸಿನಲ್ಲಿ ಬಾಯಿ ಬಿಡಲ್ಲ. ಹತ್ತನೇ ಕ್ಲಾಸಿನವರೆಗೆ ಸಮಾಂತರ ಶ್ರೇಢಿ, ಮಸಾಅ ಅಂತ ಕಲಿತವರಿಗೆ ಪಿಯುಸಿಯಲ್ಲಿ ಹೆಸರುಗಳೆಲ್ಲ ಬದಲಾದವು. ಗೊತ್ತಿದ್ದ ಲೆಕ್ಕವೂ ಗುರುತು ಸಿಗದಂತಾಯ್ತು. ಅವರನ್ನು 'ಮ್ಯಾತ್ಸ್ ವೀಕ್' ಅನ್ನೋದು ಅನ್ಯಾಯ. ರಾಜಾದಿತ್ಯ 12ನೇ ಶತಮಾನದಲ್ಲೇ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಿದ್ದ ಸ್ವಾಮಿ! ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ಆ ಜಗಳ ನಮಗೆ ಬೇಡ. ಟ್ಯುಟೋರಿಯಲ್‌ನಲ್ಲಾದರೂ ಡೌಟನ್ನು ಕನ್ನಡದಲ್ಲಿ ಕೇಳೋಕೆ ಬಿಡಿ. ವಾರಕ್ಕೊಂದು ಸಂಜೆ ಒಂದು ಖಾಲಿ ರೂಮು ಕೊಡಿಸಿದರೆ ಮೊದಲ ಸೆಮಿಸ್ಟರ್‌ನವರ ಜೊತೆ ನಾವೇ ಕೂತ್ಕೊಳ್ತೀವಿ.