ತಾಯಿಯ ಮುರುಕು ಮಾತು

ವಲಸೆ ಹೋದವರ ಮಕ್ಕಳಿಗೆ ಹೊಸ ನಾಡಿನ ನುಡಿ ಸಲೀಸು. ತಾಯಂದಿರಿಗೆ ಅನೇಕ ವೇಳೆ ಅದು ಕಡೆಯವರೆಗೂ ಪರಕೀಯ. ಅಮೆರಿಕೆಯ ಚೀನೀ ಮನೆಗಳಲ್ಲಿ ತಾಯಿ ಮಗಳ ನಡುವಣ ಮನಸ್ತಾಪಕ್ಕೆ ಇದೂ ಒಂದು ಮೂಲ.

ಲೇಖಕಿ ಏಮಿ ಟ್ಯಾನ್ ೧೯೫೨ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜನಿಸಿದರು. ತಾಯಿ ಡೈಸಿ ೧೯೪೯ರಲ್ಲಿ ಚೀನವನ್ನು ತೊರೆದು ಬಂದವರು. ವಾಣಿಜ್ಯ ಪತ್ರಿಕೆಗಳನ್ನು ಓದಿ ತಿಳಿಯಬಲ್ಲವರಾದರೂ ಆಕೆಯ ಮುರುಕು ಇಂಗ್ಲಿಷನ್ನು ಕೇಳಿ ಬ್ಯಾಂಕು, ಅಂಗಡಿಗಳವರು ಅಸಡ್ಡೆ ತೋರುತ್ತಿದ್ದರು. ೧೫ ವರ್ಷದ ಮಗಳು ದೂರವಾಣಿಯಲ್ಲಿ ತಾನೇ ತಾಯಿಯೆಂದು ನಟಿಸಿ ವ್ಯವಹರಿಸಬೇಕಾಗುತ್ತಿತ್ತು. ಮಾತು ಮುರುಕಾದರೆ ವಿಚಾರವೂ ಮುರುಕೆಂದು ಬಗೆದು ಆ ಬಾಲಿಕೆ ನಾಚುತ್ತಿದ್ದಳು.

ಡೈಸಿಯವರ ಒಡಲಲ್ಲಿ ಬೇರೊಂದು ಸಂಕಟವಿತ್ತು. ಕ್ರೂರಿಯಾದ ಮೊದಲ ಗಂಡನಿಂದ ಪಾರಾಗಿ ಬರುವಾಗ ಮೂವರು ಹೆಣ್ಣುಮಕ್ಕಳನ್ನು ಅವರು ಚೀನದಲ್ಲೇ ಬಿಟ್ಟಿದ್ದರು. ೧೯೮೭ರಲ್ಲಿ ಏಮಿ ತಾಯಿಯೊಡನೆ ಅಲ್ಲಿಗೆ ಹೋಗಿ ಅಕ್ಕಂದಿರನ್ನು ಕಂಡರು.

೧೯೮೯ರಲ್ಲಿ ‘ದಿ ಜಾಯ್ ಲಕ್ ಕ್ಲಬ್’ ಪ್ರಕಟವಾಯಿತು. ನಾಲ್ವರು ತಾಯಂದಿರ, ಅವರ ಪುತ್ರಿಯರ ಕಥೆಯದು. ಬರೆಯುವಾಗ ಏಮಿ ಓದುಗಳೆಂದು ಮನಸ್ಸಿನಲ್ಲಿರಿಸಿಕೊಂಡದ್ದು ತಾಯಿಯನ್ನೇ. ಆಕೆಯ ಮಾತಿನ ಧಾಟಿಗೂ ಅದರಲ್ಲಿ ಎಡೆಯಿತ್ತರು. ಓದಲು ಬಲು ಸುಲಭವೆಂದು ತಾಯಿ ಮೆಚ್ಚಿದಾಗ, ತನ್ನ ಬರವಣಿಗೆ ಗುರಿ ಮುಟ್ಟಿತೆಂದು ಮಗಳಿಗೆ ಮನವರಿಕೆಯಾಯಿತು.